ನಡುಗಂಟು

ಫೆಬ್ರವರಿ ೯

ದೊಡ್ಡಪ್ಪನವರಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರುಮಾಡಬೇಕು. ಆದರೆ ಮೊದಲ ಸಾಲಿನಲ್ಲೇ ಅಷ್ಟು ದೊಡ್ಡ ಸುಳ್ಳು ಹೇಳಿದರೆ ಮುಂದಿನದನ್ನು ನೀವು ನಂಬುವುದಿಲ್ಲ. ನಾನು ನಿಮ್ಮ ತಮ್ಮನ ಮಗಳು. ಹನ್ನೊಂದು ವರ್ಷದ ಹಿಂದೆ ದಿನಾ ಸ್ಕೂಲು ಮುಗಿಸಿ, ನೀವೂ ಅಪ್ಪನೂ ಕೆಲಸ ಮಾಡುತ್ತಿದ್ದ ಮೀನುಗಾಳದ ಅಂಗಡಿಯ ಹಿಂದಿನ ಕೋಣೆಗೆ ಬಂದು, ಮೆಟ್ಟಿಲ ಮೇಲೆ ಕೂತು ನಿಮ್ಮಿಬ್ಬರ ತಲೆ ತಿನ್ನುತ್ತಿದ್ದವಳು. ಮಾತುಮಾತಿಗೂ ಯಾಕೆ ಎನ್ನುತ್ತೇನೆಂದು ನೀವೇ ನನಗೆ 'ಯಾಕಮ್ಮ' ಎಂದು ಹೆಸರಿಟ್ಟಿರಿ. ಈಗ ಒಂದು ಲ್ಯಾಬಿನಲ್ಲಿ ಕೃತಕ ಹಲ್ಲಿನ ಸೆಟ್ಟು ಮಾಡುವ ಕೆಲಸ. ಆ ಹಳೇ ರೋಗ ಮಾತ್ರ ಬಿಟ್ಟಿಲ್ಲ.

ನವೆಂಬರಿನಲ್ಲಿ ಅಪ್ಪನಿಗೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಉಳಿದವು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಆದರೆ ಬಾಯಲ್ಲಿ ಉಳಿದಿರುವುದು 'ಹೌದು', 'ಅಲ್ಲ' ಎಂಬ ಎರಡೇ ಮಾತು. ಅವೂ ಅದಲುಬದಲಾಗಿ ಹೊರಬರುತ್ತವೆ. ಕಾಫಿ ಬೇಕಾ ಎಂದರೆ 'ಅಲ್ಲ' ಎನ್ನುತ್ತಲೇ ಲೋಟಕ್ಕೆ ಕೈಚಾಚುತ್ತಾರೆ. ಬರೆಯಲು ಪೆನ್ನು ಕೊಟ್ಟರೆ ಗೆರೆ ಎಳೆದು ಸುಮ್ಮನಾಗುತ್ತಾರೆ.

ಜನವರಿಯಲ್ಲಿ ಒಂದು ದಿನ ತಾವಾಗಿಯೇ ಮಂಚದ ಕೆಳಗಿಂದ ಹಳೇ ತಗಡಿನ ಪೆಟ್ಟಿಗೆ ಎಳೆದರು. ಅಂದಿನಿಂದ ಅಡುಗೆಮನೆಯ ಕಿಟಕಿ ಪಕ್ಕದ ಮೇಜೇ ಅವರ ಜಾಗ. ಮರದ ಮಣೆಗೆ ಜೋಡಿಸಿದ ಆ ಪುಟ್ಟ ವೈಸಿನ ಇಕ್ಕಳಕ್ಕೆ ಉದ್ದನೆಯ ಮೀನುಗಾಳ ಕಚ್ಚಿಸುತ್ತಾರೆ. ಕಪ್ಪು ದಾರ ಸುತ್ತುತ್ತಾರೆ. ಹಳದಿ ತುಪ್ಪುಳದ ಬಾಲ ಕಟ್ಟುತ್ತಾರೆ. ಅದರ ಮೇಲೆ ಬೆಳ್ಳಿ ಜರಿಯನ್ನು ಒಂದು ಸುತ್ತಿಗೂ ಇನ್ನೊಂದಕ್ಕೂ ಕೂದಲೆಳೆ ಅಂತರ ಬಿಡದೆ ಸುತ್ತುತ್ತಾ ಬರುತ್ತಾರೆ. ದಾರ ಪೋಣಿಸುವ ಗಾಳದ ಕಣ್ಣು ಇನ್ನು ಒಂದು ಅಕ್ಕಿಕಾಳಿನಷ್ಟು ದೂರ ಇದೆ ಎನ್ನುವಾಗ ನಿಲ್ಲಿಸುತ್ತಾರೆ. ವೈಸನ್ನು ಪಕ್ಕಕ್ಕೆ ಸರಿಸುತ್ತಾರೆ. ಸ್ವಲ್ಪ ಹೊತ್ತು ನೋಡುತ್ತಾ ಕೂರುತ್ತಾರೆ. ಆಮೇಲೆ ಬ್ಲೇಡು ತಗೊಂಡು ಅಷ್ಟನ್ನೂ ಕತ್ತರಿಸಿ, ಗಾಳ ಒರೆಸಿ, ಮತ್ತೆ ಮೊದಲಿನಿಂದ. ದಿನಕ್ಕೆ ನಾಲ್ಕು ಸಲ, ಐದು ಸಲ.

ಡಾಕ್ಟರಿಗೆ ಖುಷಿ, ಕೈಗೆ ಒಳ್ಳೆಯದಂತೆ. ನನ್ನ ಹಳೇ ರೋಗ ಮಾತ್ರ ಕೆರಳಿದೆ. ಅಲ್ಲಿಂದ ಮುಂದೆ ಏನು ಕಟ್ಟಬೇಕು? ಅಪ್ಪ ಅದನ್ನು ಮರೆತಿದ್ದಾರಾ? ಮರೆತಿದ್ದರೆ ಅಷ್ಟು ಚೆಂದದ್ದನ್ನು ಕತ್ತರಿಸುವುದು ಯಾಕೆ? ತಿಳಿದವರು ನೀವೊಬ್ಬರೇ. ಅಮ್ಮನಿಗೆ ನಾನು ಬರೆಯುತ್ತಿರುವುದು ಗೊತ್ತಿಲ್ಲ. ನಿಮ್ಮ ಹೆಸರೆತ್ತಿದರೆ "ಆ ದಿಕ್ಕಿಗೆ ತಲೆ ಹಾಕಿ ಕೂಡ ಮಲಗಲ್ಲ" ಎನ್ನುವವಳು ಅವಳು. ನಿಮ್ಮ ವಿಳಾಸ ಪೆಟ್ಟಿಗೆಯ ತಳದಲ್ಲಿ ಅಪ್ಪ ಬರೆದಿಟ್ಟ ಒಂದು ಹಳೇ ಚೀಟಿಯ ಮೇಲೆ ಸಿಕ್ಕಿತು. ನಿಮ್ಮ ಜಗಳದ ವಿಷಯ ನಾನು ಕೇಳುತ್ತಿಲ್ಲ, ಗಾಳದ ವಿಷಯ ಅಷ್ಟೇ.

ನಿಮ್ಮ
ಯಾಕಮ್ಮ

ಫೆಬ್ರವರಿ ೨೦

ಯಾಕಮ್ಮನಿಗೆ,

ಕಾಗದ ತಲುಪಿತು. ತಮ್ಮನಿಗೆ ಮಾತು ಹೋಗಿ ಮೂರು ತಿಂಗಳಾಯಿತು, ನನಗೆ ಹೇಳಬೇಕೆಂದು ಒಂದು ನರಪಿಳ್ಳೆಗೂ ಅನ್ನಿಸಲಿಲ್ಲ. ಇರಲಿ. ಹೇಳಿಸಿಕೊಳ್ಳುವ ಹಕ್ಕು ನನಗಿದೆ ಎಂದು ನಾನೂ ಹೇಳುವುದಿಲ್ಲ. ಫೋನು ಮಾಡಬೇಡ, ನನ್ನ ಕಿವಿ ಕೈಕೊಟ್ಟಿದೆ. ಬರೆದರೆ ಓದುತ್ತೇನೆ.

ಅವನು ಕಟ್ಟುತ್ತಿರುವುದು ಸ್ಟ್ರೀಮರ್. ಗಾಳಕ್ಕೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿ ನೀರಿನ ಮೇಲೆ ಬಿಡುವವರು ಸಾವಿರ ಜನ. ಸ್ಟ್ರೀಮರ್ ಹುಳವಲ್ಲ, ಮೀನಿನ ಮರಿ. ನೀರಿನೊಳಗೆ ಎಳೆದೆಳೆದು ಬಿಟ್ಟರೆ ಹೆದರಿ ಓಡುವ ಮರಿಯಂತೆ ಕಾಣಬೇಕು, ದೊಡ್ಡ ಮೀನಿಗೆ ಬಾಯಲ್ಲಿ ನೀರೂರಬೇಕು. ನೀರಿನಲ್ಲೇ ಇರುವ ಮೀನಿಗೆ ಬಾಯಲ್ಲಿ ನೀರು ಹೇಗೆ ಊರುತ್ತದೆ ಎಂದು ನೀನು ಕೇಳುತ್ತೀಯ. ಕೇಳಬೇಡ.

ಒಂದು ತಿಳಿದುಕೋ. ಒಣಗಿದಾಗ ಸ್ಟ್ರೀಮರನ್ನು ನೋಡಿ ಯಾರೂ ಏನೂ ಹೇಳಕೂಡದು. ಕೈಯಲ್ಲಿ ಹಿಡಿದಾಗ ಅದು ಧೂಳು ಕೊಡವುವ ಕುಂಚ. ಒಂದು ಲೋಟ ನೀರಿಗೆ ಹಾಕಿ ಎಳೆದು ನೋಡು, ಆಗ ಅದಕ್ಕೆ ಜೀವ ಬರುತ್ತದೆ.

ಅವನು ನಿಲ್ಲಿಸುವ ಜಾಗದಿಂದ ಮುಂದೆ: ಗಂಟಲಿಗೆ ನಾಲ್ಕೆಳೆ ಕೆಂಪು ತುಪ್ಪುಳ. ಬೆನ್ನಿಗೆ ಜಿಂಕೆ ಬಾಲದ ಬಿಳಿ ಕೂದಲು, ಅದರ ಮೇಲೆ ಕಂದು ಕೂದಲು, ಬಾಲ ದಾಟುವಷ್ಟು ಉದ್ದ. ಆಮೇಲೆ ಆ ಕೂದಲಿನ ಬುಡವನ್ನೆಲ್ಲ ದಾರದಿಂದ ಮುಚ್ಚಿ ತಲೆ ಕಟ್ಟಬೇಕು. ತಲೆ ಸಣ್ಣದಿರಬೇಕು. ಕೊನೆಗೆ ವಾರ್ನಿಷು, ಅದರ ಮೇಲೆ ಸೂಜಿ ಮೊನೆಯಿಂದ ಎರಡು ಕಣ್ಣು. ಇಷ್ಟೇ.

ಮರೆತಿದ್ದಾನಾ ಎಂದು ಕೇಳಿದೆ. ಅದಕ್ಕೆ ಉತ್ತರ ಹೇಳುವ ಮುಂಚೆ ನನಗೊಂದು ತಿಳಿಯಬೇಕು. ವೈಸನ್ನು ಪಕ್ಕಕ್ಕೆ ಸರಿಸುತ್ತಾರೆ ಎಂದು ಬರೆದಿದ್ದೀಯ. ಯಾವ ಪಕ್ಕಕ್ಕೆ?

ದೊಡ್ಡಪ್ಪ

ಮಾರ್ಚ್ ೩

ದೊಡ್ಡಪ್ಪ,

ಎಡಕ್ಕೆ. ಪ್ರತಿಸಲವೂ ಎಡಕ್ಕೆ. ಮೂರು ದಿನ ನೋಡಿ, ಒಂದು ದಿನ ಕೈಯಿಟ್ಟು ಅಳೆದೆ. ಒಂದು ಗೇಣಿನ ಮೇಲೆ ನಾಲ್ಕು ಬೆರಳು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಆ ಜಾಗದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಅಪ್ಪ ನನ್ನ ಮುಖ ನೋಡಿದರು, ವೈಸನ್ನು ತಮ್ಮ ಕಡೆ ಎಳೆದುಕೊಂಡರು. ಬಸ್ಸಿನಲ್ಲಿ ಯಾರಿಗೋ ಹಿಡಿದಿಟ್ಟ ಸೀಟಿನಲ್ಲಿ ನಾನು ಕೂತ ಹಾಗಾಯಿತು. ಎದ್ದು ಹೋದ ಮೇಲೆ ಮತ್ತೆ ಎಡಕ್ಕೆ ತಳ್ಳಿದರು.

ಬ್ಲೇಡಿಗೆ ಸಿಗುವ ಮುಂಚೆ ಒಂದನ್ನು ಎತ್ತಿಕೊಂಡು ಹೋಗಿ ನೀವು ಹೇಳಿದಂತೆ ಗಂಟಲು, ಬೆನ್ನು, ತಲೆ ಕಟ್ಟಿದೆ. ಜಿಂಕೆ ಕೂದಲು ಪೆಟ್ಟಿಗೆಯಲ್ಲೇ ಇತ್ತು. ಹಲ್ಲು ಕೂರಿಸುವ ಕೈ ಇದು, ಇದೇನು ಮಹಾ ಎಂದುಕೊಂಡಿದ್ದೆ. ತಲೆ ಕುರು ಎದ್ದ ಹಾಗೆ ಬಂತು. ಅಪ್ಪನಿಗೆ ತೋರಿಸಿದೆ. ನಕ್ಕುಬಿಟ್ಟರು ದೊಡ್ಡಪ್ಪ, ನವೆಂಬರಿನಿಂದ ಮೊದಲ ಸಲ. ಅಮ್ಮ ಒಲೆ ಬಿಟ್ಟು ಓಡಿ ಬಂದಳು.

ಇನ್ನೊಂದು ವಿಷಯ. ನಿಲ್ಲಿಸುವ ಮುಂಚೆ ಅಪ್ಪ ಅದೇ ದಾರದಲ್ಲಿ ಒಂದು ಸಣ್ಣ ಗಂಟು ಹಾಕುತ್ತಾರೆ. ಬಿಗಿಯಾಗಿ ಎಳೆದು, ಉಗುರಿನಿಂದ ಒಮ್ಮೆ ಟಕ್ ಎಂದು ತಟ್ಟುತ್ತಾರೆ. ದಾರ ಕತ್ತರಿಸುವುದಿಲ್ಲ, ಅದು ಮುಂದುವರಿಯಲೆಂದು ಹಾಗೇ ನೇತಾಡುತ್ತಿರುತ್ತದೆ. ಕೆಲಸ ಮುಗಿದಿಲ್ಲ, ದಾರ ತುಂಡಾಗಿಲ್ಲ, ಹಾಗಿದ್ದ ಮೇಲೆ ನಡುವೆ ಗಂಟು ಯಾಕೆ? ನೀವು ಬರೆದುಕೊಟ್ಟ ಕ್ರಮದಲ್ಲಿ ಈ ಗಂಟಿನ ಸುದ್ದಿಯೇ ಇಲ್ಲ.

ಬೆಂಕಿಪೊಟ್ಟಣದಲ್ಲಿ ಅಂಥ ಎರಡು ಅರೆಬರೆ ಸ್ಟ್ರೀಮರ್ ಇಟ್ಟು ಕಳಿಸುತ್ತಿದ್ದೇನೆ. ನೋಡಿ ಹೇಳಿ.

ಯಾಕಮ್ಮ

ಏಪ್ರಿಲ್ ೧

ದೊಡ್ಡಪ್ಪ, ಬೆಂಕಿಪೊಟ್ಟಣ ತಲುಪಿತೇ? ನಿಮಗೆ ಹುಷಾರಿಲ್ಲವೇ, ಸಿಟ್ಟೇ? ಯಾವುದಾದರೂ ಒಂದು ಬರೆಯಿರಿ. ಯಾ.

ಏಪ್ರಿಲ್ ೯

ಯಾಕಮ್ಮ,

ಪೊಟ್ಟಣ ಬಂದು ಒಂದು ತಿಂಗಳಾಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ ನನ್ನದು. ಮೇಜಿಲ್ಲ, ಕಿಟಕಿಯ ಅಂಚಿನ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಹಲ್ಲಿನ ಸೆಟ್ಟು ಹಾಕಿಕೊಳ್ಳುವಾಗ ಕಣ್ಣಿಗೆ ಬೀಳುತ್ತದೆ. ಜರಿ ಸುತ್ತು ನೋಡಿದೆ. ಮಾತು ಹೋದವನ ಕೈ ಎಂದು ಯಾರೂ ಹೇಳಲಾರರು.

ಅವನು ಏನನ್ನೂ ಮರೆತಿಲ್ಲ. ಅಲ್ಲಿಂದ ಮುಂದೆ ಅವನಿಗೆ ಗೊತ್ತೇ ಇಲ್ಲ.

ನಾವಿಬ್ಬರೂ ಆ ಅಂಗಡಿಯ ಹಿಂದಿನ ಕೋಣೆಗೆ ಸೇರಿದಾಗ ನನಗೆ ಹದಿನೇಳು, ಅವನಿಗೆ ಹದಿನಾಲ್ಕು. ನಾನು ಎಡಚ, ಅವನು ಬಲಗೈಯವನು. ಒಂದೇ ಬೆಂಚು. ಮೊಣಕೈ ತಾಗಬಾರದೆಂದು ನಾನು ಎಡಕ್ಕೆ, ಅವನು ಬಲಕ್ಕೆ ಕೂತೆವು. ಬಾಲ, ಮೈ ಅವನು ಕಟ್ಟುವುದು, ವೈಸನ್ನು ಎಡಕ್ಕೆ ತಳ್ಳುವುದು. ಗಂಟಲು, ಬೆನ್ನು, ತಲೆ ನಾನು. ಮೂವತ್ತೆರಡು ವರ್ಷ ಹಾಗೇ. ಅವನು ಜೀವನದಲ್ಲಿ ಒಂದೇ ಒಂದು ತಲೆ ಕಟ್ಟಿದವನಲ್ಲ. ಒಂದೆರಡು ಸಲ ಕಲಿಸು ಅಂದ. "ನಿನ್ ಕೈಗೆ ತಲೆ ಬರಲ್ಲ ಕಣೋ, ನೀನು ಮೈ ನೋಡ್ಕೋ" ಅಂದೆ. ಬರುತ್ತದೋ ಇಲ್ಲವೋ ನಾನು ಪರೀಕ್ಷೆ ಮಾಡಿದವನಲ್ಲ.

ಗಂಟಿನ ವಿಷಯ. ಬಲಗೈಯವನು ದಾರ ಸುತ್ತುವುದು ಒಂದು ದಿಕ್ಕಿಗೆ, ಎಡಚ ಸುತ್ತುವುದು ಇನ್ನೊಂದು ದಿಕ್ಕಿಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಅವನು ಬಿಟ್ಟಲ್ಲಿಂದ ನಾನು ಸುತ್ತಿದರೆ ಅವನ ಸುತ್ತು ಬಿಚ್ಚುತ್ತಾ ಹೋಗುತ್ತದೆ. ಅದಕ್ಕೇ ತಳ್ಳುವ ಮುಂಚೆ ಅವನೊಂದು ಗಂಟು ಹಾಕಿ ಬಿಗಿಯಬೇಕು. ಅದಕ್ಕೆ ನಡುಗಂಟು ಎನ್ನುತ್ತಿದ್ದೆವು. ಲೋಕದಲ್ಲಿ ಬೇರೆ ಯಾರಿಗೂ ಅದು ಬೇಕಿಲ್ಲ, ನಮ್ಮಿಬ್ಬರಿಗೆ ಮಾತ್ರ ಬೇಕಿತ್ತು. ನಿನಗೆ ನಾನು ಒಬ್ಬರೇ ಪೂರ್ತಿ ಕಟ್ಟುವ ಕ್ರಮ ಬರೆದೆ, ಅದರಲ್ಲಿ ನಡುಗಂಟು ಬರುವುದಿಲ್ಲ.

ಜಗಳ ಕೇಳುವುದಿಲ್ಲ ಅಂದೆ. ನೀನು ಕೇಳದೆ ಇರುವವಳಲ್ಲ, ನಾನೇ ಹೇಳಿಬಿಡುತ್ತೇನೆ. ನಿವೃತ್ತ ಜಡ್ಜ್ ಸಾಹೇಬರೊಬ್ಬರು ನಮ್ಮ ಹಳೇ ಗಿರಾಕಿ. ನಾಲ್ಕು ಡಜನ್ ಸ್ಟ್ರೀಮರ್ ಮಾಡಿಸಿಕೊಂಡು ಹೋದರು. ವಾರದಲ್ಲಿ ವಾಪಸ್ ತಂದು ಕೌಂಟರಿನ ಮೇಲೆ ಸುರಿದರು. ನೀರಿಗೆ ಬಿದ್ದು ನಾಲ್ಕು ಎಳೆತ ಎಳೆಯುವುದರಲ್ಲಿ ಒಂದೊಂದೂ ಬಿಚ್ಚಿಕೊಂಡು ಹಿಂಜಿದ ಹತ್ತಿಯಾಗಿತ್ತು. ಅಂಗಡಿಯ ಯಜಮಾನರು ಎಲ್ಲರೆದುರು "ಯಾರ ಕೈ ಇದು?" ಅಂದರು. "ತಮ್ಮ ನಡುಗಂಟು ಹಾಕಿಲ್ಲ" ಅಂದೆ ನಾನು. ಅವನು ನನ್ನ ಮುಖ ನೋಡಿದ. ಗೋಡೆಯ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. ನಾನೂ ಮರುವರ್ಷ ಬಿಟ್ಟೆ.

ಆ ಗಾಳಗಳಲ್ಲಿ ಗಂಟು ಇರಲಿಲ್ಲ. ಇದು ಸತ್ಯ.

ದೊಡ್ಡಪ್ಪ

ಏಪ್ರಿಲ್ ೧೭

ದೊಡ್ಡಪ್ಪ,

ನಿಮ್ಮ ಕಾಗದ ನಾನು ನಾಲ್ಕು ಸಲ ಓದಿದೆ. ಐದನೇ ಸಲ ಅಮ್ಮ ಓದಿದಳು. ನನ್ನ ಚೀಲದಿಂದ ಕದ್ದು ಓದಿದ್ದಕ್ಕೆ ನಾನು ಸಿಟ್ಟಾಗುವ ಮುಂಚೆ ಅವಳೇ ಸಿಟ್ಟಾದಳು.

ನನ್ನ ಕೆಲಸದಲ್ಲಿ ಮುರಿದ ಸೆಟ್ಟು ವಾಪಸ್ ಬಂದರೆ ಯಾರು ಮಾಡಿದ್ದು ಎಂದು ಮೊದಲು ಕೇಳುವುದಿಲ್ಲ. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತೇವೆ. ಒಳಗೆ ಗುಳ್ಳೆ ಇದ್ದರೆ ಮಾಡಿದವನ ತಪ್ಪು, ಉಜ್ಜಿದ ಗೆರೆ ಇದ್ದರೆ ಆಮೇಲೆ ಯಾರೋ ಅರ ಹಾಕಿದ್ದಾರೆ. ಆದ್ದರಿಂದ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾಲ್ಕು ಡಜನ್ ಎಂದರೆ ನಲವತ್ತೆಂಟು. ಒಂದೆರಡರಲ್ಲಿ ಮರೆಯಬಹುದು. ಮೂವತ್ತೆರಡು ವರ್ಷ ಹಾಕಿದ ಗಂಟನ್ನು, ಮಿದುಳಿನಲ್ಲಿ ಮಾತೇ ಅಳಿಸಿಹೋದ ಮೇಲೂ ತಪ್ಪದೆ ಹಾಕುವ ಗಂಟನ್ನು, ಒಬ್ಬ ಮನುಷ್ಯ ಸಾಲಾಗಿ ನಲವತ್ತೆಂಟು ಸಲ ಹೇಗೆ ಮರೆಯುತ್ತಾನೆ? ಗಂಟು ಇರಲಿಲ್ಲವೋ, ಇದ್ದದ್ದು ಹೋಯಿತೋ?

ಅಮ್ಮ ಒಂದು ಮಾತು ಹೇಳಿದಳು, ನನಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಅಪ್ಪ ಅಂಗಡಿ ಬಿಟ್ಟದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲವಂತೆ. ಅವತ್ತು ಮನೆಗೆ ಬಂದು ಮೂರು ದಿನ ತಮ್ಮ ಕೈಯನ್ನೇ ನೋಡಿಕೊಂಡು ಕೂತಿದ್ದರಂತೆ. "ಮರೆತ್ನೋ ಏನೋ ಕಣೇ. ಅಣ್ಣ ಸುಳ್ಳು ಹೇಳೋನಲ್ಲ. ಹಾಕಿದೀನಿ ಅಂತ್ಲೇ ನೆನಪು, ಆದ್ರೆ ಅಣ್ಣ ಇಲ್ಲ ಅಂದ್ಮೇಲೆ ಇಲ್ಲ" ಅಂದರಂತೆ. ಕೈ ಕೆಟ್ಟಿದೆ ಎಂದುಕೊಂಡು ಆ ಕೆಲಸವನ್ನೇ ಬಿಟ್ಟು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಲು ಹೋದರು. ಹನ್ನೊಂದು ವರ್ಷ ಅವರು ಅನುಮಾನಿಸಿದ್ದು ನಿಮ್ಮನ್ನಲ್ಲ, ತಮ್ಮ ಕೈಯನ್ನು. ಈಗ ನನಗೆ ಅನ್ನಿಸುತ್ತಿದೆ, ದಿನಾ ಕಟ್ಟಿ ಕಟ್ಟಿ ಕತ್ತರಿಸುವುದು ತಮ್ಮ ಕೈಯ ಪರೀಕ್ಷೆಯೇ ಏನೋ.

ಅವರಿಗೆ ಅರ್ಥವಾಗುವಾಗಲೇ ನಿಜ ಗೊತ್ತಾಗಬೇಕು. ಇನ್ನೊಂದು ಸಲ ರಕ್ತ ಹೆಪ್ಪುಗಟ್ಟಿದರೆ ಏನು ಉಳಿಯುತ್ತದೋ ಡಾಕ್ಟರಿಗೂ ತಿಳಿಯದು.

ಯಾಕಮ್ಮ

ಮೇ ೧೨

ಯಾಕಮ್ಮ,

ಈ ಕಾಗದ ಆರು ಸಲ ಬರೆದು ಹರಿದಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಪ್ರಶ್ನೆ ಓದಿದಾಗಿನಿಂದ ನನ್ನ ಕೈ ಹೆಗಲ ಮೇಲೇ ಇದೆ.

ಗಂಟು ಇತ್ತು. ನಲವತ್ತೆಂಟರಲ್ಲೂ ಇತ್ತು. ನಾನು ಬಿಚ್ಚಿದೆ.

ಯಾಕೆ ಎಂದು ನೀನು ಕೇಳುವ ಮುಂಚೆ ಹೇಳುತ್ತೇನೆ. ನಡುಗಂಟಿನ ಮೇಲೆ ತಲೆ ಕಟ್ಟಿದರೆ ಒಂದು ಸಣ್ಣ ಉಬ್ಬು ಉಳಿಯುತ್ತದೆ. ಮೂವತ್ತೆರಡು ವರ್ಷ ಆ ಉಬ್ಬು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಸಲ ಜಡ್ಜ್ ಸಾಹೇಬರು ಬೇರೆ ಕಡೆ ಕಟ್ಟಿಸಿದ ಒಂದು ಸ್ಟ್ರೀಮರ್ ತಂದು ತೋರಿಸಿದರು. ಅದರ ತಲೆ ಸಾಸಿವೆ ಕಾಳಿನಷ್ಟಿತ್ತು. "ಇಷ್ಟು ಚಿಕ್ಕದಾಗಿ ನಿಮ್ ಕೈಲಿ ಆಗಲ್ವೇನಪ್ಪ?" ಅಂದರು. ಆಗಲ್ವೇನಪ್ಪ ಅಂದದ್ದು ನನಗೆ ನಾಟಿತು. ತಮ್ಮ ಊಟಕ್ಕೆ ಎದ್ದಾಗಲೆಲ್ಲ ಸೂಜಿ ಮೊನೆಯಿಂದ ಅವನ ಗಂಟು ಬಿಡಿಸಿ, ನುಣ್ಣಗೆ ತಲೆ ಕಟ್ಟಿ, ದಪ್ಪ ವಾರ್ನಿಷು ಬಳಿದೆ. ವಾರ್ನಿಷೇ ಹಿಡಿದುಕೊಳ್ಳುತ್ತದೆ ಎಂದುಕೊಂಡೆ. ಒಣಗಿದಾಗ ನೋಡಬೇಕಿತ್ತು ಅವನ್ನು, ಒಡವೆ ಅಂಗಡಿಯಲ್ಲಿ ಇಡಬಹುದಿತ್ತು. ಒಣಗಿದ ಸ್ಟ್ರೀಮರ್ ನೋಡಿ ಏನೂ ಹೇಳಕೂಡದು ಎಂದು ನಿನಗೆ ಬರೆದವನು ನಾನೇ, ಒಂದು ಲೋಟ ನೀರಿಗೆ ಹಾಕಿ ನೋಡದೆ ಕೊಟ್ಟವನೂ ನಾನೇ.

ಕೌಂಟರಿನ ಮೇಲೆ ಸುರಿದ ಕೂಡಲೇ ನನಗೆ ಗೊತ್ತಾಯಿತು. ಯಜಮಾನರು ಯಾರ ಕೈ ಅಂದರು. ಬಾಯಿಂದ ತಮ್ಮ ಅಂತ ಬಂತು. ಸಂಜೆ ದಾರಿಯಲ್ಲಿ ಅವನಿಗೆ ಹೇಳಿ ಕ್ಷಮೆ ಕೇಳೋಣ, ಅವನು ನಾಲ್ಕು ಬೈದು ಸುಮ್ಮನಾಗುತ್ತಾನೆ ಎಂದುಕೊಂಡೆ. ಸಂಜೆಯ ಹೊತ್ತಿಗೆ ಅವನಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನಿಗೆ ನನ್ನ ಮೇಲೆ ಸಿಟ್ಟಿದೆ, ನಾನು ಬಿಚ್ಚಿದ್ದು ಅವನಿಗೆ ಗೊತ್ತಿದೆ, ಅದಕ್ಕೇ ಮುಖ ತೋರಿಸುವುದಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಆ ಸಿಟ್ಟು ನನಗೆ ಒಂಥರಾ ಅನುಕೂಲವಾಗಿತ್ತು. ಅವನು ನನ್ನ ಮಾತು ನಂಬಿ ತನ್ನ ಕೈಯನ್ನೇ ದೂರಿಕೊಂಡ ಎಂದು ನೀನು ಬರೆದೆಯಲ್ಲ, ಅದನ್ನು ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ನೀನು ಕಳಿಸಿದ ಎರಡನ್ನೂ ಮುಗಿಸಿ ಇದರ ಜೊತೆ ಕಳಿಸಿದ್ದೇನೆ. ಅವನ ಗಂಟು ಹಾಗೇ ಇದೆ, ಮುಟ್ಟಿಲ್ಲ. ಈ ಕಾಗದವನ್ನು ಅವನಿಗೆ ಓದಿ ಹೇಳು. ನಡುವೆ ಬಿಡಬೇಡ. ಕೊನೆಗೆ ಇದೊಂದು ಮಾತನ್ನು ಎರಡು ಸಲ ಓದು: ನಿನ್ನ ಕೈ ತಪ್ಪಿಲ್ಲ ಕಣೋ, ತಪ್ಪಿದ್ದು ನನ್ನ ಬಾಯಿ.

ದೊಡ್ಡಪ್ಪ

ಮೇ ೨೬

ದೊಡ್ಡಪ್ಪ,

ಓದಿದೆ. ಎರಡು ಸಲ ಅಂದಿದ್ದಿರಿ, ಆ ಸಾಲನ್ನು ಮೂರು ಸಲ ಓದಿದೆ. ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

ನೀವು ಮುಗಿಸಿ ಕಳಿಸಿದ ಸ್ಟ್ರೀಮರಿನಲ್ಲಿ ಒಂದನ್ನು ಅಪ್ಪ ಎತ್ತಿಕೊಂಡರು. ನಾನು ಮುದ್ದು ಮಾಡುತ್ತಾರೆ ಅಂದುಕೊಂಡೆ. ಬ್ಲೇಡು ತಗೊಂಡು ನೀವು ಕಟ್ಟಿದ ತಲೆಯನ್ನು ಕತ್ತರಿಸಿದರು. ಆಮೇಲೆ ಸೂಜಿ ಮೊನೆಯಿಂದ ನಿಮ್ಮ ದಾರ, ನಿಮ್ಮ ಕೂದಲು, ನಿಮ್ಮ ಕೆಂಪು ಎಲ್ಲವನ್ನೂ ಕೆದಕಿ ತೆಗೆದರು. ಕೆಳಗೆ ಅವರ ಗಂಟು ಸಿಕ್ಕಿತು. ಉಗುರಿನಿಂದ ಟಕ್ ಎಂದು ತಟ್ಟಿದರು. ಅಮ್ಮನನ್ನು ಹತ್ತಿರ ಕರೆದು, ಅವಳ ಬೆರಳು ಹಿಡಿದು ಗಂಟಿನ ಮೇಲೆ ಇಟ್ಟರು. ಅಮ್ಮ "ಇದೆ ರೀ, ಇದೆ" ಅಂದಳು. ಅಪ್ಪ ಅತ್ತರು. ಅಲ್ಲಿಯವರೆಗೆ ಅವರು ಅತ್ತದ್ದನ್ನು ನಾನು ನೋಡಿದವಳೇ ಅಲ್ಲ.

ಆಮೇಲೆ ಸಿಟ್ಟು ಬಂತು. ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ನೂಕಿದರು. ಎರಡು ದಿನ ಮೇಜಿನ ಕಡೆ ಸುಳಿಯಲಿಲ್ಲ, ತಟ್ಟೆಯನ್ನೂ ದೂರ ತಳ್ಳಿದರು. ನನಗೂ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಟ್ಟರೆ ನಿಮಗೂ ನನಗೂ ಏನು ವ್ಯತ್ಯಾಸ? ಒಂದು ಸಾಸಿವೆ ಕಾಳಿನ ತಲೆಗೋಸ್ಕರ ಒಬ್ಬ ಮನುಷ್ಯನ ಕೈಯನ್ನೇ ಕಿತ್ತುಕೊಂಡಿರಿ. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಆ ಕಾರ್ಡು ಬರೆಯುವುದಕ್ಕೆ ನಿಮಗೆ ಹನ್ನೊಂದು ವರ್ಷ ಇತ್ತು.

ಮೂರನೇ ದಿನ ಬೆಳಿಗ್ಗೆ ಪೆಟ್ಟಿಗೆ ಮತ್ತೆ ಹೊರಗೆ ಬಂತು. ಬಾಲ ಕಟ್ಟಿದರು, ಜರಿ ಸುತ್ತಿದರು, ಗಂಟು ಹಾಕಿ ತಟ್ಟಿದರು, ಎಡಕ್ಕೆ ತಳ್ಳಿದರು. ನಾನು ಬ್ಲೇಡಿಗೆ ಕಾಯುತ್ತಾ ನಿಂತೆ. ಬ್ಲೇಡು ಮುಟ್ಟಲಿಲ್ಲ. ಎದ್ದು ಹೋದರು. ಇವತ್ತಿಗೆ ಐದು ದಿನ, ವೈಸು ಅಲ್ಲೇ ಎಡಕ್ಕೆ ಇದೆ, ದಾರ ನೇತಾಡುತ್ತಿದೆ. ಧೂಳು ಒರೆಸಲು ಅಮ್ಮ ಜರುಗಿಸಿದರೆ ಮತ್ತೆ ತಂದು ಅಲ್ಲೇ ಇಡುತ್ತಾರೆ.

ನೀವು ಬರಬೇಕು. ಕರೆಯುತ್ತಿರುವುದು ನಾನಲ್ಲ.

ಯಾಕಮ್ಮ

ಜೂನ್ ೨

ಯಾಕಮ್ಮ, ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಐದು ಗಂಟೆಯ ದಾರಿ. ಎಡಗಡೆ ಕೈಯಿಲ್ಲದ ಕುರ್ಚಿ ಇರಲಿ. ದೀಪ ಇದ್ದರೆ ನನ್ನ ಬಲಕ್ಕೆ, ಎಡಚನಿಗೆ ನೆರಳು ಬೀಳಬಾರದು. ನಿನ್ನ ಅಮ್ಮ ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ಕೂರುತ್ತೇನೆ, ನೀನು ಕೂರುತ್ತಿದ್ದೆಯಲ್ಲ ಹಾಗೆ. ನನ್ನ ಹಲ್ಲಿನ ಸೆಟ್ಟು ಲಟಪಟ ಅನ್ನುತ್ತದೆ, ನಗಬೇಡ. ದೊ.

ಜೂನ್ ೧೬

ಯಾಕಮ್ಮ,

ನಾನು ಬಂದ ದಿನವೇ ನಿನ್ನ ಲ್ಯಾಬಿನವರು ನಿನಗೆ ರಜಾ ಕೊಡಲಿಲ್ಲ, ನಾನು ಬಸ್ಸು ಹತ್ತುವಾಗ ನೀನಿನ್ನೂ ಕೆಲಸದಲ್ಲಿದ್ದೆ. ಅಮ್ಮನನ್ನು ಕೇಳಿದರೆ "ಬಂದ್ರು, ಕೂತ್ರು, ಹೋದ್ರು" ಎನ್ನುತ್ತಾಳೆಂದು ಬರೆದಿದ್ದೀಯ. ನಿನ್ನ ಕಾಗದದಲ್ಲಿ ಹದಿನಾಲ್ಕು ಪ್ರಶ್ನೆಗಳಿವೆ, ಎಣಿಸಿದೆ. ಒಂದೊಂದಕ್ಕೇ ಉತ್ತರ ಬರೆಯಲು ನನಗೆ ಆಯಸ್ಸಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಬಾಗಿಲು ತೆಗೆದವಳು ನಿನ್ನ ಅಮ್ಮ. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ನೀರು ಕೊಟ್ಟಳು. ಒಳಗೆ ಹೋಗಿ ಒಂದು ಕುರ್ಚಿ ಎತ್ತಿಕೊಂಡು ಬಂದು ಮೇಜಿನ ಎಡಕ್ಕೆ ಕುಕ್ಕಿದಳು. "ಭಾವ, ಇನ್ನೊಂದ್ಸಲ ಇವರ ಕೈ ಕೆಟ್ಟಿದೆ ಅಂದ್ರೆ ನಾನು ಸುಮ್ಮನಿರಲ್ಲ" ಅಂದಳು. ಕಿವಿ ಕೇಳದ ನನಗೂ ಸ್ಪಷ್ಟವಾಗಿ ಕೇಳಿಸಿತು. ಕೂತೆ.

ಅವನು ತಲೆ ಎತ್ತಲಿಲ್ಲ. ಕೂದಲು ಬೆಳ್ಳಗಾಗಿದೆ, ನನಗಿಂತ ಚಿಕ್ಕವನು ನನಗಿಂತ ಮುದುಕ ಕಂಡ. ವೈಸು ನನ್ನೆದುರಿಗೇ ಇತ್ತು, ನೀನು ಬರೆದ ಹಾಗೇ. ದಾರ ಹಿಡಿಯಲು ಕೈ ಚಾಚಿದೆ. ಅವನು ಥಟ್ಟನೆ ವೈಸನ್ನು ತನ್ನ ಕಡೆ ಎಳೆದುಕೊಂಡ. ಮುಗಿಯಿತು, ಎದ್ದು ಹೋಗೋಣ ಅಂದುಕೊಂಡೆ.

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. ನೋಡುತ್ತಲೇ, ಹಾಕಿದ್ದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ. ಎಳೆದ, ಉಗುರಿನಿಂದ ತಟ್ಟಿದ. ಕಣ್ಣು ನನ್ನ ಮೇಲೆಯೇ. ಮೂರನೆಯದು ಹಾಕಿದ, ಎಳೆದ, ತಟ್ಟಿದ. ಆಮೇಲೆ ಎಡಕ್ಕೆ ತಳ್ಳಿದ.

ಮೂರು ಗಂಟಿನ ಮೇಲೆ ತಲೆ ಕಟ್ಟುವುದೆಂದರೆ ಏನು ಎಂದು ನಿನಗೆ ಹೇಗೆ ಹೇಳಲಿ. ಗಂಟಲ ಕೆಂಪು ಓರೆಯಾಯಿತು. ಕೂದಲು ಒಂದು ಕಡೆ ನಿಲ್ಲಲಿಲ್ಲ. ಸುತ್ತಿದಷ್ಟೂ ಉಬ್ಬು, ಉಬ್ಬು ಮುಚ್ಚಲು ಮತ್ತಷ್ಟು ಸುತ್ತು. ಕೊನೆಗೆ ಕಪ್ಪೆಯ ತಲೆ ಬಂತು. ಜನ್ಮದಲ್ಲಿ ಅಷ್ಟು ಕೆಟ್ಟ ತಲೆ ನನ್ನ ಕೈಯಿಂದ ಹೊರಬಂದಿರಲಿಲ್ಲ. ನೀನು ಕಟ್ಟಿದ ಕುರು ವಾಸಿ.

ಅವನು ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ತಿರುಗಿಸಿದ. ನಿನ್ನ ಅಮ್ಮನ ಕಡೆ ನೋಡಿದ. ಅವಳಿಗೆ ಏನು ಅರ್ಥವಾಯಿತೋ, ಒಂದು ಗಾಜಿನ ಜಾಡಿಯಲ್ಲಿ ನೀರು ತಂದಿಟ್ಟಳು. ದಾರ ಕಟ್ಟಿ ನೀರಿಗೆ ಇಳಿಬಿಟ್ಟ. ಮೂವರೂ ಬಗ್ಗಿ ನೋಡಿದೆವು. ಮೊದಲು ಮುದುಡಿಕೊಂಡು ಕೂತಿತ್ತು. ನೆನೆದ ಮೇಲೆ ಅವನು ಚಿಟುಕು ಚಿಟುಕು ಎಳೆದ. ಹಳದಿ ಬಾಲ ಆಡಿತು, ಕಂದು ಬೆನ್ನು ಮೈಗೆ ಅಂಟಿತು, ಜರಿ ಒಂದು ಸಲ ಮಿನುಗಿತು. ಮೀನಿನ ಮರಿ ಕಣೇ. ಆಮೇಲೆ ಎರಡು ಬೆರಳಿನಲ್ಲಿ ಕೂದಲು ಹಿಡಿದು ಬಲವಾಗಿ ಜಗ್ಗಿದ. ಬಿಚ್ಚಲಿಲ್ಲ.

"ತಪ್ಪಾಯ್ತು ಕಣೋ" ಅಂದೆ. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ದೊಡ್ಡ ಮಾತು ಯಾವುದೂ ಬರಲಿಲ್ಲ. ಅವನು 'ಹೌದು' ಅಂದನೋ 'ಅಲ್ಲ' ಅಂದನೋ ನನ್ನ ಕಿವಿಗೆ ಬೀಳಲಿಲ್ಲ, ತುಟಿ ಆಡಿದ್ದು ಕಂಡಿತು. ಹೊಸ ಗಾಳ ತೆಗೆದು ವೈಸಿಗೆ ಕಚ್ಚಿಸಿದ.

ಸಂಜೆಯವರೆಗೆ ಏಳು ಕಟ್ಟಿದೆವು. ನಡುವೆ ಅವನಿಗೆ ತಲೆ ಕಟ್ಟುವುದನ್ನು ತೋರಿಸಿದೆ. ಮೊದಲ ಪ್ರಯತ್ನಕ್ಕೇ ನನ್ನ ಕಪ್ಪೆಗಿಂತ ಚೆನ್ನಾಗಿ ಬಂತು, ಅವನ ಕೈಗೆ ತಲೆ ಬರುತ್ತದೆ. ಇನ್ನು ಅವನಿಗೆ ನನ್ನ ಹಂಗಿಲ್ಲ, ಪೂರ್ತಿ ತಾನೇ ಕಟ್ಟಬಹುದು. ಹಾಗಂತ ಹೇಳಿದೆ ಕೂಡ. ಕೇಳಿಸಿಕೊಂಡ, ಮೈ ಕಟ್ಟಿ ಮುಗಿಸಿ ವೈಸನ್ನು ಮತ್ತೆ ಎಡಕ್ಕೇ ತಳ್ಳಿದ.

ನಿನ್ನ ಹದಿನಾಲ್ಕನೇ ಪ್ರಶ್ನೆ, ಅಪ್ಪ ನನ್ನನ್ನು ಕ್ಷಮಿಸಿದರಾ ಎಂಬುದು. ಅದು ನನಗೆ ತಿಳಿಯದು, ನಾನು ಕೇಳುವವನೂ ಅಲ್ಲ. ನಾನು ನೋಡಿದ್ದನ್ನು ಹೇಳುತ್ತೇನೆ. ಮೊದಲನೆಯದಕ್ಕೆ ಮೂರು ಗಂಟು. ಎರಡನೆಯದಕ್ಕೂ ಮೂರು. ಮೂರು, ನಾಲ್ಕು, ಐದಕ್ಕೆ ಎರಡೆರಡು, ಪ್ರತಿಸಲ ನನ್ನ ಮುಖ ನೋಡಿಕೊಂಡು. ಆರನೆಯದು ತಲೆಯ ಸಮೇತ ಅವನದೇ. ಏಳನೆಯದಕ್ಕೆ ಒಂದೇ ಗಂಟು ಹಾಕಿ, ನನ್ನ ಕಡೆ ನೋಡದೆ ತಳ್ಳಿದ.

ದೊಡ್ಡಪ್ಪ